ಹಿಂದಿನ ಸೀಟಿನ ಅರ್ಥಶಾಸ್ತ್ರ

ನನಗೆ ಎಲ್ಲದರ ಬಗ್ಗೆಯೂ ಅಭಿಪ್ರಾಯ ಇದೆ. ರಿಟೈರ್ ಆದ ಮೇಲೆ ಪಿಂಚಣಿ ಜೊತೆ ಇದೂ ಬರುತ್ತದೆ. ಕೆಲಸದಲ್ಲಿದ್ದಾಗ ಸಾಹೇಬರ ಅಭಿಪ್ರಾಯವೇ ನನ್ನ ಅಭಿಪ್ರಾಯ. ಹಾಗಾಗಿ ಸ್ವಂತದ್ದು ಅನ್ನುವುದು ಮೂವತ್ತೈದು ವರ್ಷದ್ದು ಹಾಗೇ ಬಾಕಿ ಉಳಿದಿತ್ತು. ಈಗ ಅರಿಯರ್ಸ್ ಸಮೇತ ಹೊರಗೆ ಬರುತ್ತಿದೆ.

ಬೆಳಗ್ಗೆ ಆರೂವರೆಗೆ ತುಮಕೂರಿನ ನಮ್ಮ ಬಡಾವಣೆಯ ಪಾರ್ಕಿನಲ್ಲಿ ಐದು ಜನ ಸೇರುತ್ತೇವೆ. ಎರಡು ಸುತ್ತು ನಡೆದು ಕಲ್ಲುಬೆಂಚಿಗೆ ಬಂದರೆ ಆಯಿತು. ಏಳು ಗಂಟೆಯೊಳಗೆ ರಾಜ್ಯ ಸರ್ಕಾರ ಮುಗಿಯುತ್ತದೆ. ಏಳೂವರೆಗೆ ಕೇಂದ್ರ ಸರ್ಕಾರ. ಟೈಮು ಮಿಕ್ಕರೆ ಅಮೆರಿಕ. ಎಲ್ಲರನ್ನೂ ಸರಿದಾರಿಗೆ ತಂದು ಎಂಟಕ್ಕೆ ಮನೆಗೆ ಬಂದರೆ ನನ್ನ ಹೆಂಡತಿ ‘ಕಾಲು ತೊಳ್ಕೊಂಡು ಒಳಗೆ ಬನ್ನಿ’ ಅನ್ನುತ್ತಾಳೆ. ನಮ್ಮ ಅಧಿಕಾರಾವಧಿ ಅಲ್ಲಿಗೆ ಮುಗಿಯುತ್ತದೆ.

2023ರ ಜೂನ್ 11, ಭಾನುವಾರ. ಶಕ್ತಿ ಯೋಜನೆ ಶುರುವಾದ ದಿನ. ಸರ್ಕಾರಿ ಬಸ್ಸಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ. ಟಿಕೆಟ್ ಇಲ್ಲ ಅಂದರೆ ಇದೆ, ಆದರೆ ಸೊನ್ನೆ ರೂಪಾಯಿ. ಆವತ್ತಿನಿಂದ ನಮ್ಮ ಬೆಂಚಿಗೆ ಬಿಡುವೇ ಇಲ್ಲದಂತಾಯಿತು. ‘ಎಲ್ಲಾ ನಮ್ಮ ತೆರಿಗೆ ದುಡ್ಡು ರೀ!’ ಅಂತ ನಾನು ದಿನಾ ಹೇಳುತ್ತಿದ್ದೆ. ನಾನು ಕಟ್ಟುವ ತೆರಿಗೆ ಎಷ್ಟು ಅಂತ ಮಾತ್ರ ಯಾರೂ ಕೇಳಬಾರದು. ಕೇಳಿದರೆ ಮಾತಿನ ತೂಕ ಹೋಗುತ್ತದೆ.

ಸುಮ್ನೆ ಹೇಳುವುದಲ್ಲ, ಸರ್ಕಾರದ ಖಜಾನೆ ಬಗ್ಗೆ ನನಗೆ ನಿಜವಾಗಿಯೂ ಚಿಂತೆ ಇದೆ. ಈಗಲೂ ಇದೆ. ದುಡ್ಡು ಎಲ್ಲಿಂದಲೋ ಬರಬೇಕಲ್ವಾ? 2025ರ ಜನವರಿ 5ರಿಂದ ಬಸ್ ದರ 15 ಪರ್ಸೆಂಟ್ ಏರಿತು. ಆ ಏರಿದ್ದನ್ನು ಜೇಬಿಂದ ತೆಗೆದು ಕೊಡುವವರು ಯಾರು? ಬಸ್ಸಿನ ಹಿಂದಿನ ಸೀಟಿನಲ್ಲಿ ಕೂರುವ ನನ್ನಂಥವರು. ಅರ್ಧ ಸೀಟು ಗಂಡಸರಿಗೆ ಮೀಸಲು ಅಂತ ಆ ಯೋಜನೆಯ ಆದೇಶದಲ್ಲೇ ಬರೆದಿತ್ತು. ಗಂಡಸರಿಗೂ ಮೀಸಲಾತಿ ಬಂದದ್ದನ್ನು ನೋಡಿಯೇ ಕಣ್ಣು ಮುಚ್ಚುತ್ತೇನೆ ಅಂತ ನಾನು ಅಂದುಕೊಂಡಿರಲಿಲ್ಲ.

ಇನ್ನು ಮನೆಯ ಕಥೆ. ಮೊದಲೆಲ್ಲ ನನ್ನ ಹೆಂಡತಿ ‘ರೀ, ಗೊರವನಹಳ್ಳಿ ಮಹಾಲಕ್ಷ್ಮಿ ಗುಡಿಗೆ ಹೋಗಿ ಬರೋಣ್ವಾ?’ ಅಂತ ಕೇಳುತ್ತಿದ್ದಳು. ನಾನು ಪೇಪರಿನಿಂದ ತಲೆ ಎತ್ತದೆ ‘ನೋಡೋಣ’ ಅನ್ನುತ್ತಿದ್ದೆ. ನಮ್ಮ ಮನೆಯಲ್ಲಿ ನೋಡೋಣ ಅಂದರೆ ಇಲ್ಲ ಅಂತ. ಅವಳಿಗೂ ಗೊತ್ತು, ಮಹಾಲಕ್ಷ್ಮಿಗೂ ಗೊತ್ತು. ಹೀಗೆ ನೋಡೋಣ ನೋಡೋಣ ಅನ್ನುತ್ತಲೇ ಇಪ್ಪತ್ತೆಂಟು ವರ್ಷ ಕಳೆದಿದ್ದೆ.

ಶಕ್ತಿ ಬಂದ ಎರಡನೇ ವಾರ ಒಂದು ಬೆಳಗ್ಗೆ ಸೀರೆ ಉಟ್ಟು, ಆಧಾರ್ ಕಾರ್ಡನ್ನು ವ್ಯಾನಿಟಿ ಬ್ಯಾಗಿಗೆ ಹಾಕಿಕೊಂಡು ಬಂದು ನಿಂತಳು.

‘ಸಾರು ಒಲೆ ಮೇಲಿದೆ. ಅನ್ನ ಕುಕ್ಕರಲ್ಲಿದೆ. ಗೊರವನಹಳ್ಳಿಗೆ ಹೋಗ್ಬರ್ತೀನಿ.’

ಕೊನೆಯಲ್ಲಿ ‘ಹೋಗ್ಲಾ?’ ಅಂತ ಇರಬೇಕಿತ್ತಲ್ಲ ಅಂತ ಕಾದೆ. ಇರಲಿಲ್ಲ. ಆಮೇಲೆ ಎಡೆಯೂರು, ದೇವರಾಯನದುರ್ಗ, ಸಿದ್ಧಗಂಗೆ. ಒಂದು ಸಲ ಚಿಕ್ಕನಾಯಕನಹಳ್ಳಿಗೆ ಹೋಗಿ ಬಂದಳು. ಅಲ್ಲಿ ಯಾವ ದೇವರು ಅಂತ ಕೇಳಿದೆ. ‘ದೇವರಲ್ಲ ರೀ, ನನ್ನ ಜೊತೆ ಓದಿದವಳು’ ಅಂದಳು. ಅವಳಿಗೊಬ್ಬಳು ಜೊತೆ ಓದಿದವಳು ಇದ್ದಾಳೆ ಅನ್ನುವುದೇ ನನಗೆ ಗೊತ್ತಿರಲಿಲ್ಲ. ಕಷ್ಟ ಬಸ್ ಚಾರ್ಜಿನದ್ದಾಗಿರಲಿಲ್ಲ, ಅದನ್ನು ನನ್ನ ಹತ್ತಿರ ಕೇಳಬೇಕಾಗಿತ್ತಲ್ಲ, ಅದರದ್ದು. ಇದು ನನಗೆ ನಿಧಾನಕ್ಕೆ ಹೊಳೆಯಿತು. ಬೆಂಚಿನಲ್ಲಿ ಇದನ್ನು ಹೇಳಲು ಹೋಗಲಿಲ್ಲ. ಅಲ್ಲಿ ಹೇಳುವ ಅಭಿಪ್ರಾಯ ಬೇರೆ ಇರುತ್ತದೆ.

ನಮ್ಮ ಮನೆಗೆ ಪಾತ್ರೆ ತೊಳೆಯಲು ಬರುವ ಹೆಂಗಸು ಒಂದು ದಿನ ‘ನಾಳೆಯಿಂದ ನಾಲ್ಕು ದಿನ ಬರಲ್ಲ, ಧರ್ಮಸ್ಥಳಕ್ಕೆ ಹೊಂಟಿದೀವಿ’ ಅಂದಳು. ಸಂಬಳ ಹಿಡಿಯುವ ಬೆದರಿಕೆ ನನ್ನ ಬಾಯಿಗೆ ಬರುವ ಮೊದಲೇ ನನ್ನ ಹೆಂಡತಿ ‘ಹೋಗಿ ಬಾ, ನಮ್ಮ ಹೆಸರಲ್ಲೂ ಒಂದು ಅರ್ಚನೆ ಮಾಡ್ಸು’ ಅಂತ ನೂರು ರೂಪಾಯಿ ಕೊಟ್ಟುಬಿಟ್ಟಳು. ಆ ನಾಲ್ಕು ದಿನ ಪಾತ್ರೆ ತೊಳೆದವನು ನಾನು. ಇಡ್ಲಿ ತಟ್ಟೆ ಅನ್ನುವುದನ್ನು ಕಂಡುಹಿಡಿದವರು ಅದನ್ನು ತೊಳೆದಿರಲಿಕ್ಕಿಲ್ಲ. ಆ ಸಣ್ಣ ಸಣ್ಣ ತೂತುಗಳಲ್ಲಿ ಸಿಕ್ಕಿಕೊಂಡ ಹಿಟ್ಟನ್ನು ಊದುಬತ್ತಿ ಕಡ್ಡಿಯಲ್ಲಿ ಒಂದೊಂದೇ ಚುಚ್ಚಿ ತೆಗೆಯುತ್ತಾ ನಿಂತಿದ್ದಾಗ ಟಿವಿಯಲ್ಲಿ ಚರ್ಚೆ ನಡೆಯುತ್ತಿತ್ತು. ಉಚಿತ ಯೋಜನೆಗಳಿಂದ ಜನ ಸೋಮಾರಿಗಳಾಗುತ್ತಿದ್ದಾರೆಯೇ? ನನಗೆ ಉತ್ತರ ಕೊಡಲು ಪುರುಸೊತ್ತಿರಲಿಲ್ಲ.

ಒಂದು ದಿನ ಊಟಕ್ಕೆ ಕೂತಾಗ ‘ಬಿಟ್ಟಿ’ ಅನ್ನುವ ಪದ ಮೂರನೇ ಸಲ ಬಳಸಿದೆ. ಅವಳು ಏನೂ ಮಾತಾಡಲಿಲ್ಲ. ಎದ್ದು ಹೋಗಿ ಫ್ರಿಜ್ಜಿನ ಮೇಲಿದ್ದ ಕರೆಂಟ್ ಬಿಲ್ ತಂದು ನನ್ನ ತಟ್ಟೆ ಪಕ್ಕ ಇಟ್ಟಳು. ಕಟ್ಟಬೇಕಾದ ಮೊತ್ತ: ಸೊನ್ನೆ.

‘ಇದು?’

‘ಇದು... ಗೃಹಜ್ಯೋತಿ.’

‘ಬಿಟ್ಟಿ ಅಲ್ವಾ?’

‘ಅಲ್ಲ. ಇದು ಸಬ್ಸಿಡಿ.’

ಅವಳು ಇನ್ನೊಂದು ಮುದ್ದೆ ಬಡಿಸಿದಳು. ಬಾಯಿ ಮುಚ್ಚಿಸಲು ಮುದ್ದೆಗಿಂತ ಒಳ್ಳೆಯದು ಯಾವುದೂ ಇಲ್ಲ.

ನಿಜ ಹೇಳಬೇಕೆಂದರೆ ಗೃಹಜ್ಯೋತಿ ಬಗ್ಗೆಯೂ ನನಗೊಂದು ದೂರು ಇದೆ, ಆದರೆ ಅದು ಬೇರೆ ಥರದ್ದು. 200 ಯೂನಿಟ್ ಫ್ರೀ ಅಂತ ನಾವು ಕುಣಿದೆವು. ಆಮೇಲೆ ನೋಡಿದರೆ ಅದು ಎಲ್ಲರಿಗೂ 200 ಅಲ್ಲ. ಶುರುವಿನ ಲೆಕ್ಕದಲ್ಲಿ, ಹಿಂದಿನ ವರ್ಷ ತಿಂಗಳಿಗೆ ಸರಾಸರಿ ಎಷ್ಟು ಉರಿಸಿದ್ದೀರೋ ಅಷ್ಟು, ಮೇಲೆ 10 ಪರ್ಸೆಂಟ್. ನಾನು ಜೀವಮಾನವಿಡೀ ಲೈಟ್ ಆರಿಸಿಕೊಂಡು ಓಡಾಡಿದವನು. ಮಕ್ಕಳು ಓದುವಾಗ ಫ್ಯಾನ್ ಎರಡರಲ್ಲಿ ಇರಲಿ ಅಂದವನು. ನಮ್ಮ ಸರಾಸರಿ 80. ಸಿಕ್ಕಿದ್ದು 88. ಪಕ್ಕದ ಮನೆಯವರು ಹಗಲಲ್ಲೂ ಪೋರ್ಟಿಕೋ ಲೈಟ್ ಉರಿಸುವವರು, ಗೀಜರ್ ಹಾಕಿ ಮರೆತು ದೇವಸ್ಥಾನಕ್ಕೆ ಹೋಗುವವರು. ಅವರಿಗೆ 187. ಆ ಒಂದು ವರ್ಷ ನಾನೂ ನಾಲ್ಕು ಲೈಟ್ ಜಾಸ್ತಿ ಹಾಕಿ ಮಲಗಿದ್ದರೆ ಅಂತ ಎಷ್ಟೋ ರಾತ್ರಿ ಅನ್ನಿಸಿದೆ. ನಮ್ಮ ಬೆಂಚಿನಲ್ಲಿ ಉಚಿತ ಕರೆಂಟಿನ ವಿರುದ್ಧ ಯಾರೂ ಮಾತಾಡುವುದಿಲ್ಲ. ಐವರಿಗೂ ಬಿಲ್ ಸೊನ್ನೆ ಬರುತ್ತದೆ.

ಈಗ ಬಸ್ಸಿನ ವಿಷಯಕ್ಕೆ ಬರುತ್ತೇನೆ. ಬರೆಯಲು ಕೂತದ್ದೇ ಅದಕ್ಕೆ, ಇಷ್ಟು ಹೊತ್ತು ತಪ್ಪಿಸಿಕೊಂಡು ಓಡಾಡಿದೆ.

ಅರಸೀಕೆರೆಯಲ್ಲಿ ನನ್ನ ಹಳೇ ಸಹೋದ್ಯೋಗಿಯ ಮನೆ ಗೃಹಪ್ರವೇಶ. ತಿಪಟೂರಿನಲ್ಲಿ ನನ್ನ ನಾದಿನಿಯ ಮನೆ. ಒಂದೇ ಬಸ್ಸು, ಒಂದೇ ದಾರಿ. ಹೆಂಡತಿ ತಿಪಟೂರಲ್ಲಿ ಇಳಿದು ತಂಗಿಯ ಮನೆಗೆ ಹೋಗುವುದು, ನಾನು ಮುಂದಕ್ಕೆ ಹೋಗಿ ಊಟ ಮಾಡಿ ಸಂಜೆ ವಾಪಸ್ ಬರುವಾಗ ಅವಳನ್ನು ಹತ್ತಿಸಿಕೊಳ್ಳುವುದು ಅಂತ ತೀರ್ಮಾನ ಆಯಿತು. ತುಮಕೂರು ಸ್ಟ್ಯಾಂಡಿನಲ್ಲೇ ಹತ್ತಿದ್ದರಿಂದ ಹಿಂದುಗಡೆ ಎರಡು ಸೀಟು ಒಟ್ಟಿಗೇ ಸಿಕ್ಕಿತು.

ಕಂಡಕ್ಟರ್ ಬಂದ. ಅವಳು ಆಧಾರ್ ತೋರಿಸಿದಳು. ಮಶೀನು ಕಿರ್ರ್ ಅಂತು, ಜೀರೋ ಟಿಕೆಟ್ ಬಂತು. ಆಮೇಲೆ ನನ್ನ ತಲೆಕೂದಲು ನೋಡಿ ‘ಸೀನಿಯರ್ ಸಿಟಿಜನ್ನಾ ಸಾರ್? ಕಾರ್ಡ್ ಇದ್ರೆ ತೋರ್ಸಿ, 25 ಪರ್ಸೆಂಟ್ ಕಮ್ಮಿ’ ಅಂದ.

ಈ ವಿಷಯದಲ್ಲಿ ನನಗೆ ಒಂದು ಹಳೇ ಗಾಯ ಇದೆ. ರೈಲಿನಲ್ಲಿ ಅರವತ್ತು ದಾಟಿದ ಗಂಡಸರಿಗೆ 40 ಪರ್ಸೆಂಟ್ ರಿಯಾಯಿತಿ ಇತ್ತು. ಕೊರೊನಾ ಬಂತು, 2020ರ ಮಾರ್ಚಿನಲ್ಲಿ ಅದನ್ನು ನಿಲ್ಲಿಸಿದರು. ನನಗೆ ಅರವತ್ತು ತುಂಬಿದ್ದು ಆ ವರ್ಷದ ಮೇ ತಿಂಗಳಲ್ಲಿ. ಒಂದೇ ಒಂದು ಸಲ ಕೂಡ ಆ ಟಿಕೆಟ್ ನನಗೆ ಸಿಗಲಿಲ್ಲ. ಹಿರಿಯರಿಗೆ ಕೊಡುತ್ತಿದ್ದದ್ದನ್ನು ಕಿತ್ತುಕೊಂಡರಲ್ಲ ಅಂತ ಪೇಪರಿಗೆ ಪತ್ರ ಬರೆದಿದ್ದೆ. ಛಾಪಿಸಲಿಲ್ಲ. ಹಾಗಾಗಿ ಬಸ್ಸಿನ 25 ಪರ್ಸೆಂಟನ್ನು ನಾನು ಎಂದೂ ಬಿಡುವುದಿಲ್ಲ. ಕಾರ್ಡ್ ತೋರಿಸಿದೆ. ಹೆಂಡತಿ ಕಿಟಕಿ ಹೊರಗೆ ನೋಡಿದಳು.

ಎರಡು ಟಿಕೆಟನ್ನೂ ಅವಳ ಕೈಗೆ ಕೊಟ್ಟೆ. ಟಿಕೆಟ್, ಮನೆ ಕೀ, ನನ್ನ ಬಿಪಿ ಮಾತ್ರೆ, ಈ ಮೂರೂ ಅವಳ ಬ್ಯಾಗಿನಲ್ಲೇ ಇರುವುದು ನಮ್ಮ ಪದ್ಧತಿ.

ಗುಬ್ಬಿಯಲ್ಲಿ ಬಸ್ ತುಂಬಿತು. ಸೊಪ್ಪಿನ ಬುಟ್ಟಿಯವರು, ಕಾಲೇಜು ಹುಡುಗಿಯರು, ಮಗಳ ಬಾಣಂತನಕ್ಕೆ ಹೊರಟ ಒಬ್ಬ ಅಜ್ಜಿ. ಅಜ್ಜಿ ನಮ್ಮ ಸೀಟಿನ ಪಕ್ಕದಲ್ಲೇ ಚೀಲ ಇಟ್ಟು ನಿಂತಳು. ನನ್ನ ಮುಂದಿನ ಸೀಟಿನವರು ‘ಏನ್ ರಶ್ಶು ಸ್ವಾಮಿ’ ಅಂತ ಅಂದದ್ದೇ ತಡ, ನಾನು ಶುರು ಮಾಡಿದೆ. ನಿಟ್ಟೂರು ಬರುವಷ್ಟರಲ್ಲಿ ಬಜೆಟ್ ಮುಗಿಸಿದ್ದೆ. ಕೆ.ಬಿ. ಕ್ರಾಸಿನಲ್ಲಿ ರಾಜ್ಯದ ಸಾಲಕ್ಕೆ ಕೈ ಹಾಕಿದ್ದೆ. ‘ದುಡ್ಡು ಕೊಟ್ಟು ಹತ್ತಿರೋರು ನಾವು. ಈ ಬಸ್ ಓಡ್ತಿರೋದೇ ನಮ್ಮ ದುಡ್ಡಲ್ಲಿ’ ಅಂತ ಎಲ್ಲರಿಗೂ ಕೇಳುವ ಹಾಗೆ ಹೇಳಿದೆ.

ಅಜ್ಜಿ ನನ್ನ ಕಡೆ ತಿರುಗಿದಳು.

‘ನಿನ್ ದುಡ್ಡೇನಪ್ಪಾ ಇದು?’

‘ಹೂಂ ಅಜ್ಜಿ. ನಮ್ಮಂಥೋರದ್ದು.’

‘ಒಳ್ಳೇದಾಗ್ಲಿ ಕಣಪ್ಪಾ. ಮೂರ್ ಸಲ ಮಗಳ ಮನೆಗೆ ಹೋಗ್ಬಂದೆ. ದೇವ್ರು ನಿನ್ನ ಚೆನ್ನಾಗಿಟ್ಟಿರ್ಲಿ’ ಅಂತ ಕೈ ಮುಗಿದಳು.

ತಮಾಷೆಯೋ ನಿಜವೋ ಈಗಲೂ ಗೊತ್ತಿಲ್ಲ. ಹೆಂಡತಿ ಎದ್ದು ತನ್ನ ಸೀಟನ್ನು ಅಜ್ಜಿಗೆ ಕೊಟ್ಟಳು. ತಿಪಟೂರು ಬಂತು. ಇಳಿಯುವ ಗಡಿಬಿಡಿಯಲ್ಲಿ ಬ್ಯಾಗಿನಿಂದ ಒಂದು ಟಿಕೆಟ್ ತೆಗೆದು ‘ತಗೊಳ್ರೀ ನಿಮ್ದು’ ಅಂತ ನನ್ನ ಜೇಬಿಗೆ ತುರುಕಿ ಹೋದಳು. ನಾನು ಆಗ ಪೆಟ್ರೋಲ್ ರೇಟಿನ ಮಧ್ಯದಲ್ಲಿದ್ದೆ. ನೋಡಲಿಲ್ಲ.

ತಿಪಟೂರು ದಾಟಿ ಎರಡು ಮೈಲಿ ಹೋಗಿಲ್ಲ, ಚೆಕಿಂಗ್‌ನವರು ಹತ್ತಿದರು. ನಾನು ಗತ್ತಿನಿಂದ ಜೇಬಿಗೆ ಕೈ ಹಾಕಿ ಟಿಕೆಟ್ ಕೊಟ್ಟೆ. ಅವರು ಟಿಕೆಟ್ ನೋಡಿದರು. ನನ್ನ ಮೀಸೆ ನೋಡಿದರು. ಮತ್ತೆ ಟಿಕೆಟ್ ನೋಡಿದರು.

‘ಸಾರ್, ಇದು ಮಹಿಳೆಯರ ಟಿಕೆಟ್.’

ಬಸ್ಸು ತಕ್ಷಣ ನಿಶ್ಶಬ್ದವಾಯಿತು. ತುಮಕೂರಿನಿಂದ ಮೊದಲ ಬಾರಿಗೆ.

‘ಅದೂ ತಿಪಟೂರಿಗೆ. ತಿಪಟೂರು ದಾಟಾಯ್ತು. ಯಾವ ತಪ್ಪು ಮೊದಲು ಬರ್ಕೊಳ್ಲಿ?’

ಕಾಲೇಜು ಹುಡುಗಿಯರು ದುಪಟ್ಟಾ ಬಾಯಿಗೆ ಒತ್ತಿಕೊಂಡರು. ನನ್ನ ಹೆಂಡತಿ, ಬ್ಯಾಗು, ನಾದಿನಿ ಅಂತ ನಾನು ತೊದಲುತ್ತಿದ್ದೆ. ಫೋನ್ ಮಾಡಿದೆ. ‘ಅಯ್ಯೋ ಇಲ್ಲೇ ಇದೆ ರೀ, ಫೋಟೊ ತೆಗೆದು ಕಳಿಸ್ತೀನಿ ಇರಿ’ ಅಂದಳು. ಕಳಿಸಿದಳು. ನನಗಲ್ಲ, ಫ್ಯಾಮಿಲಿ ಗ್ರೂಪಿಗೆ. ಕೆಳಗೆ ಒಂದು ಸಾಲು: ‘ಅಪ್ಪ ಲೇಡೀಸ್ ಟಿಕೆಟ್‌ನಲ್ಲಿ ಸಿಕ್ಕಿಹಾಕ್ಕೊಂಡಿದ್ದಾರೆ.’ ಬೆಂಗಳೂರಿನಲ್ಲಿರುವ ಮಗ ಮೊದಲು ನಗುವ ಗೊಂಬೆ ಹಾಕಿದ. ಆಮೇಲೆ ಭಾವಮೈದುನ. ಆಮೇಲೆ ಆರು ತಿಂಗಳಿಂದ ಗ್ರೂಪಿನಲ್ಲಿ ಉಸಿರೇ ಎತ್ತದಿದ್ದ ನನ್ನ ಅತ್ತೆ.

ಆ ಅಧಿಕಾರಿ ಫೋಟೊ ನೋಡಿಯೂ ಅನುಮಾನದಲ್ಲೇ ಇದ್ದರು. ಆಗ ಪಕ್ಕದ ಅಜ್ಜಿ ಬಾಯಿ ಹಾಕಿದಳು.

‘ಬಿಡಪ್ಪಾ ಸ್ವಾಮಿ. ದುಡ್ಡು ಕೊಟ್ಟೇ ಹತ್ತವ್ನೆ. ಗುಬ್ಬಿಯಿಂದ ನಮ್ಗೆಲ್ಲ ಅದನ್ನೇ ಹೇಳ್ಕಂಡ್ ಬತ್ತಾವ್ನೆ.’

‘ಹೌದು ಸಾರ್, ನಾವೂ ಕೇಳಿಸ್ಕೊಂಡ್ವಿ’ ಅಂತ ಮುಂದಿನಿಂದ ಏಳೆಂಟು ದನಿ. ಎಲ್ಲವೂ ಹೆಂಗಸರದ್ದು. ಕಂಡಕ್ಟರ್ ಮಶೀನು ನೋಡಿ, ಆವತ್ತು ಬಸ್ಸಿನಲ್ಲಿ ಸೀನಿಯರ್ ಸಿಟಿಜನ್ ರಿಯಾಯಿತಿ ತೆಗೆದುಕೊಂಡವನು ಒಬ್ಬನೇ, ಅದು ಇವರೇ ಅಂತ ಸಾಕ್ಷಿ ಹೇಳಿದ. ‘ರಿಯಾಯಿತಿ’ ಅನ್ನುವುದನ್ನು ಅಷ್ಟು ಜೋರಾಗಿ ಹೇಳುವ ಅಗತ್ಯ ಇರಲಿಲ್ಲ. ಅಜ್ಜಿ ಮತ್ತೆ ನನ್ನ ಕಡೆ ತಿರುಗಿ ‘ನಿಂದೂ ಪೂರ್ತಿ ದುಡ್ಡಲ್ವಾ ಮಗಾ?’ ಅಂದಳು. ಈ ಸಲ ತಮಾಷೆಯೇ ಅಂತ ನನಗೆ ಅನುಮಾನ ಇಲ್ಲ.

ಅರಸೀಕೆರೆವರೆಗೂ ನಾನು ಯಾವ ವಿಷಯದ ಬಗ್ಗೆಯೂ ಅಭಿಪ್ರಾಯ ಇಟ್ಟುಕೊಳ್ಳಲಿಲ್ಲ. ಗೃಹಪ್ರವೇಶದ ಹೋಳಿಗೆ ಕೂಡ ಹೇಗಿತ್ತು ಅಂತ ಕೇಳಬೇಡಿ.

ಸಂಜೆ ವಾಪಸ್ ಬರುವಾಗ ಟಿಕೆಟನ್ನು ಎರಡು ಸಲ ಓದಿ, ಮಡಿಸಿ, ಬನಿಯನ್ ಒಳಗಿನ ಜೇಬಿಗೆ ಹಾಕಿಕೊಂಡೆ. ತಿಪಟೂರಿನಲ್ಲಿ ಅವಳು ಹತ್ತಿದಳು. ತಂಗಿ ಕೊಟ್ಟ ಕೊಬ್ಬರಿ ಚೀಲ ಹಿಡಿದುಕೊಂಡು ಮುಂದಿನ ಸೀಟಿನಲ್ಲೇ ಕೂತಳು. ಬಸ್ ಹೊರಟ ಮೇಲೆ ಅಲ್ಲಿಂದಲೇ ಕೂಗಿದಳು.

‘ರೀ, ಟಿಕೆಟ್ ಇದೆಯಾ?’

‘ಇದೆ.’

‘ಯಾರದ್ದು?’