ಕೆಡುವ ಮುಂಚೆಯೇ ಏಣಿ ಹತ್ತಿದವನು

ಆಗಸ್ಟ್‌ನಲ್ಲಿ ಮಗಳನ್ನು ಮರ್ಸೆಡ್‌ನ ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಗೆ ಬಿಟ್ಟು ಬಂದೆವು. ನಮ್ಮ ಫ್ರೆಸ್ನೋದಿಂದ ಕಾರಿನಲ್ಲಿ ಒಂದು ಗಂಟೆ ದಾರಿ. ಸರ್ಕಾರಿ ಯೂನಿವರ್ಸಿಟಿ, ಹಾಸ್ಟೆಲ್ ಹೇಗಿರುತ್ತೋ ಅಂತ ಒಳಗೊಳಗೇ ಅಳುಕಿತ್ತು. ಹಾಸಿಗೆ, ಚಟ್ನಿಪುಡಿ ಡಬ್ಬಿ ಎಲ್ಲ ಹೊತ್ತು ಮೇಲೆ ಹೋದರೆ, ಒಬ್ಬ ಏಣಿ ಹತ್ತಿ ಏಸಿ ಜಾಲರಿ ಬಿಚ್ಚುತ್ತಿದ್ದ.

"ಕೆಟ್ಟಿದೆಯಾ?" ಅಂದೆ.

"ಇಲ್ಲ, ಚೆನ್ನಾಗಿದೆ. ಇವತ್ತು ನೋಡುವ ದಿನ."

ಕೆಡದೇ ಇರುವುದನ್ನೂ ಬಿಚ್ಚಿ ನೋಡುತ್ತಾರಾ? ವಾಪಸ್ ಬರುವಾಗ ದಾರಿಯುದ್ದಕ್ಕೂ ಅದೇ ಯೋಚನೆ.

ನಾನು ಓದಿದ್ದು ಕರ್ನಾಟಕದ ಒಂದು ಸರ್ಕಾರಿ ಕಾಲೇಜಿನಲ್ಲಿ. ಆಷಾಢ ಬಂತು ಅಂದರೆ ಹಾಸ್ಟೆಲ್ ಕೋಣೆಯಲ್ಲಿ ಎರಡು ಬಕೆಟ್. ರಾತ್ರಿ ಟಪ್ ಟಪ್ ಸದ್ದಿಗೆ ನಿದ್ದೆಯಿಲ್ಲ. ವಾರ್ಡನ್‌ಗೆ ಅರ್ಜಿ ಕೊಟ್ಟರೆ ಒಂದೇ ಉತ್ತರ: ರಿಪೇರಿಗೆ ಅನುದಾನ ಬಂದಿಲ್ಲ. ಆಮೇಲೆ ಒಬ್ಬ ಉದ್ಯಮಿ ಹೊಸ ಬ್ಲಾಕ್ ಕಟ್ಟಿಸಿಕೊಟ್ಟರು. ಮಂತ್ರಿಗಳು ಬಂದರು, ಟೇಪು ಕತ್ತರಿಸಿದರು. ಎರಡೇ ವರ್ಷಕ್ಕೆ ಅದರ ಶೌಚಾಲಯಕ್ಕೆ ಬೀಗ. ಉದ್ಘಾಟನೆಯ ಕಲ್ಲು ಮಾತ್ರ ಫಳಫಳ ಹೊಳೆಯುತ್ತಿತ್ತು.

ಮರ್ಸೆಡ್ ಕ್ಯಾಂಪಸ್ ಶುರುವಾಗಿದ್ದು 2005ರಲ್ಲಿ. ಮಕ್ಕಳು ಜಾಸ್ತಿಯಾದರು, ಜಾಗ ಸಾಲದಾಯಿತು. 2016ರಲ್ಲಿ ಯೂನಿವರ್ಸಿಟಿಯವರು ಹೊಸ ಕಟ್ಟಡಗಳಿಗಾಗಿ ಪ್ಲೆನರಿ ಅನ್ನುವ ಕಂಪನಿಯ ತಂಡದ ಜೊತೆ ಒಪ್ಪಂದ ಮಾಡಿಕೊಂಡರು. ಸುಮಾರು 130 ಕೋಟಿ ಡಾಲರ್ ಕೆಲಸ. 2020ರ ಹೊತ್ತಿಗೆ ಕ್ಯಾಂಪಸ್ ಹೆಚ್ಚುಕಡಿಮೆ ಎರಡರಷ್ಟಾಯಿತು. ನಕ್ಷೆ ಅವರದೇ, ಕಟ್ಟುವುದೂ ಅವರೇ, ಹಣದಲ್ಲಿ ಒಂದು ಪಾಲೂ ಅವರದು. ಒಪ್ಪಂದ ಒಟ್ಟು 39 ವರ್ಷದ್ದು. ಕಟ್ಟಿದ ಮೇಲೆ ಉಳಿದಷ್ಟೂ ವರ್ಷ ಆ ಕಟ್ಟಡಗಳನ್ನು ಚೆನ್ನಾಗಿ ಇಟ್ಟುಕೊಳ್ಳುವ ಹೊಣೆಯೂ ಅವರದ್ದೇ. ಹೇಳಿದ ಹಾಗೆ ಇಟ್ಟುಕೊಳ್ಳದಿದ್ದರೆ ಯೂನಿವರ್ಸಿಟಿ ಕೊಡುವ ದುಡ್ಡಿನಲ್ಲಿ ಕಡಿತ. ನಾಳೆ ತಾನೇ ರಿಪೇರಿ ಮಾಡಬೇಕು ಅಂತ ಗೊತ್ತಿರುವವನು ಕಳಪೆ ಪೈಪ್ ಯಾಕೆ ಹಾಕುತ್ತಾನೆ, ಅಲ್ವಾ?

ನಮ್ಮಲ್ಲಿ ಕೊಡುವ ಕೈಗೆ ಬರವಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಅಂದರೆ ನಮ್ಮ ಟಾಟಾ ಇನ್‌ಸ್ಟಿಟ್ಯೂಟ್ 1909ರಲ್ಲಿ ಹುಟ್ಟಿದ್ದೇ ಜೆಮ್‌ಷೆಡ್‌ಜಿ ಟಾಟಾ ಅವರ ಹಣ, ಮೈಸೂರು ಅರಮನೆ ಕೊಟ್ಟ 371 ಎಕರೆ ಜಾಗದಿಂದ. 2022ರಲ್ಲಿ ಅದೇ ಸಂಸ್ಥೆಯ ಆಸ್ಪತ್ರೆಗೆ ಬಾಗ್ಚಿ ಮತ್ತು ಪಾರ್ಥಸಾರಥಿ ದಂಪತಿಗಳು 425 ಕೋಟಿ ರೂಪಾಯಿ ಕೊಡಲು ಮುಂದೆ ಬಂದರು. ಓದಿ ಕಣ್ಣು ತುಂಬಿತ್ತು. ಆದರೆ ನಮ್ಮ ಜಿಲ್ಲೆಗಳ ಯೂನಿವರ್ಸಿಟಿಗಳಲ್ಲಿ ಕೊಟ್ಟವರು ಮನೆಗೆ ಹೋದ ಮೇಲೆ ಆ ಸೂರನ್ನು ನೋಡಿಕೊಳ್ಳುವವರು ಯಾರು? ಕಟ್ಟುವ ದಿನವೇ ಇದನ್ನು ಬರೆದಿಟ್ಟುಕೊಂಡರೆ ಏನು ಕಷ್ಟ? ನನಗೆ ಸಿಟ್ಟು ಬರುವುದು ಇದಕ್ಕೇ.

ಮರ್ಸೆಡ್‌ನದು ದಾನವಲ್ಲ, ಅದನ್ನೂ ಹೇಳಬೇಕು. ಕಂಪನಿ ಹಾಕಿದ ಹಣಕ್ಕೆ ಲಾಭ ಬೇಕು. ದೊಡ್ಡ ಪಾಲು ಯೂನಿವರ್ಸಿಟಿಯೇ ಸಾಲ ಎತ್ತಿ ಹೊಂದಿಸಿದ್ದು. 2055ರವರೆಗೆ ಕಂಪನಿಗೆ ದುಡ್ಡು ಕೊಡುವ ಬಾಬ್ತು ಇದ್ದೇ ಇರುತ್ತದೆ. ಇಲ್ಲಿನ ಮಕ್ಕಳ ಸಂಖ್ಯೆ ಕಮ್ಮಿಯಾದರೂ ಒಪ್ಪಂದ ಕಮ್ಮಿಯಾಗುವುದಿಲ್ಲ.

ಮೊನ್ನೆ ಮಗಳ ಹಾಸ್ಟೆಲ್ ಮತ್ತು ಊಟದ ಬಿಲ್ಲು ಬಂತು. ಹೆಂಡತಿ ಸುಮ್ನೆ ನನ್ನ ಕಡೆ ನೋಡಿದಳು. ನಾನು ಎರಡು ಬಕೆಟ್ ಇಟ್ಟುಕೊಂಡು ಮಲಗಿದ ಕೋಣೆಯ ಬಾಡಿಗೆ ಅಪ್ಪನಿಗೆ ಎಂದೂ ಹೊರೆಯಾಗಿರಲಿಲ್ಲ. ಅದು ಇಷ್ಟು ದುಬಾರಿಯಾಗಿದ್ದಿದ್ದರೆ ನಾನು ಹೊಲದಲ್ಲೇ ಇರುತ್ತಿದ್ದೆ.