ಗ್ರಾಮಸಭೆಯಲ್ಲಿ ಮಾತಾಡೋಕೆ ಸದಸ್ಯರೇ ಆಗಬೇಕಾ?

‘ಗ್ರಾಮಸಭೆ ಪಂಚಾಯಿತಿ ಸದಸ್ಯರದ್ದು, ಜನ ಸುಮ್ನೆ ಸಹಿ ಹಾಕಬೇಕಷ್ಟೇ’ ಎಂಬ ಮೆಸೇಜ್ ಆಗಾಗ ಓಡಾಡುತ್ತದೆ. ಇದು ತಪ್ಪು. ಸಂವಿಧಾನದ 243ನೇ ವಿಧಿ ಪ್ರಕಾರ, ಗ್ರಾಮದ ಮತದಾರರ ಪಟ್ಟಿಯಲ್ಲಿ ಹೆಸರಿರುವ ಎಲ್ಲರೂ ಸೇರಿದ್ದೇ ಗ್ರಾಮಸಭೆ. ಚುನಾಯಿತ ಸದಸ್ಯರ ಸಾಮಾನ್ಯ ಸಭೆಯೇ ಬೇರೆ. ಗೊಂದಲ ಹುಟ್ಟುವುದು ಬಹುಶಃ ಇಲ್ಲೇ.

ಮಾತಾಡಿ ಏನು ಪ್ರಯೋಜನ ಅಂತೀರಾ? ದಕ್ಷಿಣದ ನಾಲ್ಕು ರಾಜ್ಯಗಳ ಸುಮಾರು 300 ಗ್ರಾಮಸಭೆಗಳ ಮಾತುಕತೆಯನ್ನು ಸಂಶೋಧಕರು ದಾಖಲಿಸಿ ಓದಿದ್ದಾರೆ. ನೀರು, ರಸ್ತೆ ಎಲ್ಲಿ ಅಂತ ಅಧಿಕಾರಿಗಳನ್ನು ಕೇಳಿದವರಲ್ಲಿ ಸಾಮಾನ್ಯ ಜನರೂ ಇದ್ದರು. ಹೆಂಗಸರು ಮಾತಾಡಿದ್ದು ಕಡಿಮೆ, ಅದೂ ನಿಜ.

ಇಂಥ ಮೆಸೇಜ್ ಬಂದಾಗ ಯಾವ ಕಾನೂನು, ಯಾವ ಕಲಂ ಅಂತ ಹುಡುಕಿ. ಕಲಂ ಹೇಳಿದ್ದರೆ ತೆರೆದು ಓದಿ. ಹೇಳದಿದ್ದರೆ ಫಾರ್ವರ್ಡ್ ಮಾಡೋ ಮುಂಚೆ ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿ (ಪಿಡಿಒ) ಹತ್ತಿರ ಹಿಂದಿನ ಗ್ರಾಮಸಭೆಯ ನಡಾವಳಿ ಕೇಳಿ ನೋಡಿ.