ಆರು ಜನ ಮಂಡಿಯೂರಿದ ಫೋಟೋ

ನನ್ನ ಫೋನಿನಲ್ಲಿ ಒಂದು ಹಳೇ ಫೋಟೋ ಇದೆ. 2021ರ ಜನವರಿ, ಕಾರವಾರದ ಟಾಗೋರ್ ಬೀಚು, ಸಂಜೆ ಐದರ ಸುಮಾರು. ನಮ್ಮ ಸೆವೆನ್ಸ್ (ಏಳೇಳು ಜನ ಆಡುವ ಫುಟ್‌ಬಾಲು) ಟೀಮಿನ ಏಳು ಜನ. ಆರು ಜನ ಮರಳಿನಲ್ಲಿ ಒಂದು ಮಂಡಿ ಊರಿ, ಮುಖ ಗಂಭೀರ ಮಾಡಿಕೊಂಡು ಕೂತಿದ್ದೇವೆ. ಏಳನೆಯವನು ಮಾತ್ರ ನಿಂತಿದ್ದಾನೆ. ಕೈಯಲ್ಲಿ ನೀರಿನ ಬಾಟಲಿ, ಮುಖ ಕ್ಯಾಮೆರಾ ಕಡೆ ಇಲ್ಲ, ಕೂರ್ಮಗಡ ದ್ವೀಪದ ಕಡೆ ಇದೆ. ನಾವು ಮಂಡಿಯೂರಿದ್ದು ಅವನಿಗೋಸ್ಕರ. ಐಡಿಯಾ ನನ್ನದು. ಆ ಫೋಟೋಗೆ ಬಿದ್ದಷ್ಟು ಲೈಕು ನನ್ನ ಮದುವೆ ಫೋಟೋಗೂ ಬಿದ್ದಿರಲಿಲ್ಲ.

ಇದನ್ನ ಮತ್ತೆ ತೆಗೆದು ನೋಡಿದ್ದು 2025ರ ಆಗಸ್ಟಿನಲ್ಲಿ. ಪ್ರೀಮಿಯರ್ ಲೀಗಿನ ಮೊದಲ ಮ್ಯಾಚು, ಲಿವರ್‌ಪೂಲ್ ಮತ್ತು ಬೋರ್ನ್‌ಮತ್, ನಮಗೆ ಇಲ್ಲಿ ಮಧ್ಯರಾತ್ರಿ ದಾಟಿದ ಮೇಲೆ. ಹೊರಗೆ ಮಳೆ ಧೋ ಅಂತ ಸುರೀತಿತ್ತು, ಕರೆಂಟು ಇದ್ದದ್ದೇ ಪುಣ್ಯ. ಅರ್ಧ ಗಂಟೆ ಆಟ ಆಗಿತ್ತೋ ಇಲ್ಲವೋ, ಬೋರ್ನ್‌ಮತ್‌ನ ಆಂಟೋನಿ ಸೆಮೆನ್ಯೊ ರೆಫ್ರಿ ಹತ್ತಿರ ಹೋಗಿ ಏನೋ ಹೇಳಿದ. ಗ್ಯಾಲರಿಯಿಂದ ಯಾರೋ ಅವನ ಬಣ್ಣ ಹಿಡಿದು ಬೈದಿದ್ದರು. ರೆಫ್ರಿ ಆಟ ನಿಲ್ಲಿಸಿದ. ಎರಡೂ ಟೀಮಿನ ಕ್ಯಾಪ್ಟನ್‌ಗಳನ್ನ, ಮ್ಯಾನೇಜರುಗಳನ್ನ ಕರೆದು ಮಾತಾಡಿದ. ಆಮೇಲೆ ಸೆಮೆನ್ಯೊ ಎರಡು ಗೋಲು ಹೊಡೆದ, ಟೀಮು 4-2ರಲ್ಲಿ ಸೋತಿತು, ಅದು ಬೇರೆ ಮಾತು. ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಒಬ್ಬ ಅಷ್ಟು ಹೊತ್ತಿಗೇ ಬರೆದ: "ಇವರ ನಾಟಕ ಇನ್ನೂ ಮುಗೀಲಿಲ್ವಾ ಮಾರಾಯಾ, ಮಂಡಿ ಊರೋದು, ಮ್ಯಾಚ್ ನಿಲ್ಸೋದು. ನಿದ್ದೆಗೆಟ್ಟು ಇದನ್ನ ನೋಡ್ಬೇಕಾ?"

ಬರೆದವನು ಆ ಫೋಟೋದ ಆರು ಜನರಲ್ಲಿ ಒಬ್ಬ.

ಬಣ್ಣ ಹಿಡಿದು ಮಾಡುವ ಅನ್ಯಾಯದ ವಿರುದ್ಧ ಆಟಗಾರರು ಮ್ಯಾಚಿಗೆ ಮೊದಲು ಮಂಡಿಯೂರುವುದು ನಾಟಕ ಅನ್ನೋ ಮಾತನ್ನ ನಾನು ಪೂರ್ತಿ ಒಪ್ಪುವುದಿಲ್ಲ. ಶುರುವಾಗಿದ್ದು ನಮ್ಮ ಫುಟ್‌ಬಾಲಿನಲ್ಲಲ್ಲ, ಅಮೆರಿಕದವರ ಕೈಯಲ್ಲಿ ಹಿಡಿದು ಓಡುವ ಫುಟ್‌ಬಾಲಿನಲ್ಲಿ. 2016ರಲ್ಲಿ ಕಾಲಿನ್ ಕೆಪರ್ನಿಕ್ ಅನ್ನುವವನು ರಾಷ್ಟ್ರಗೀತೆ ಹಾಡುವಾಗ ಮೊದಲು ಬೆಂಚಿನ ಮೇಲೆ ಕೂತೇ ಇದ್ದ. ಕಪ್ಪು ಜನರ ಮೇಲೆ ಪೊಲೀಸರ ದೌರ್ಜನ್ಯ ನಡೆಯುವಾಗ ಎದ್ದು ನಿಲ್ಲಲಾರೆ ಅಂದ. ಆಮೇಲೆ ನೇಟ್ ಬೋಯರ್ ಎಂಬ ಮಾಜಿ ಸೈನಿಕ, ಕೂರಬೇಡ, ಮಂಡಿಯೂರು, ನಾವು ಸತ್ತ ಜೊತೆಗಾರರ ಸಮಾಧಿ ಮುಂದೆ ಹಾಗೇ ಮಾಡ್ತೇವೆ ಅಂತ ಹೇಳಿದ. ಅಂದ್ರೆ ಮೂಲದಲ್ಲಿ ಅದು ಅವಮಾನವಲ್ಲ, ಗೌರವವೇ. ಆದರೂ ಮರು ವರ್ಷದಿಂದ ಕೆಪರ್ನಿಕ್‌ನನ್ನ ಯಾವ ಟೀಮೂ ತಗೊಳ್ಳಲಿಲ್ಲ. ಅವನ ಮಂಡಿಗೆ ಬೆಲೆ ಬಂದದ್ದು ಅದಕ್ಕೇ, ಕೆಲಸ ಕಳಕೊಂಡನಲ್ಲ.

2020ರ ಮೇ 25ರಂದು ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಕುತ್ತಿಗೆ ಮೇಲೆ ಪೊಲೀಸಿನವನ ಮಂಡಿ ಬಿತ್ತು. ಜೂನ್ 17ಕ್ಕೆ ಕೊರೊನಾ ನಂತರ ಪ್ರೀಮಿಯರ್ ಲೀಗು ಶುರುವಾದಾಗ ಖಾಲಿ ಸ್ಟೇಡಿಯಂನಲ್ಲಿ ಆಸ್ಟನ್ ವಿಲ್ಲಾ, ಶೆಫೀಲ್ಡ್ ಯುನೈಟೆಡ್ ಆಟಗಾರರೆಲ್ಲ, ರೆಫ್ರಿಯೂ ಸೇರಿ, ಮಂಡಿಯೂರಿದರು. ನನಗೆ ಮೈ ಜುಮ್ ಅಂದಿತ್ತು, ಸುಳ್ಳು ಹೇಳೋದಿಲ್ಲ. ಆಮೇಲೆ ಪ್ರತಿ ಮ್ಯಾಚಿಗೂ. ಪ್ರತಿ ಮ್ಯಾಚಿಗೂ ಅಂದ ಮೇಲೆ ಗೊತ್ತಲ್ಲ, ಬಸ್ಸಿನಲ್ಲಿ ಹೋಗುವಾಗ ದೇವಸ್ಥಾನ ಕಂಡರೆ ಕೈ ಎದೆಗೆ ಹೋಗಿ ಬರುತ್ತಲ್ಲ, ಹಾಗೆ. ಇಂಗ್ಲೆಂಡಿನ ಮಾಜಿ ಆಟಗಾರ ಲೆಸ್ ಫರ್ಡಿನಂಡ್ ಆ ವರ್ಷ ಸೆಪ್ಟೆಂಬರಿನಲ್ಲೇ ಇದರ ಸತ್ವ ಹೋಯಿತು ಅಂದರು. 2021ರ ಮಾರ್ಚಿನಲ್ಲಿ ಕ್ರಿಸ್ಟಲ್ ಪ್ಯಾಲೇಸ್ ಟೀಮಿನ ವಿಲ್ಫ್ರೆಡ್ ಝಾಹಾ, ನಾನಿನ್ನು ಊರುವುದಿಲ್ಲ, ನೆಟ್ಟಗೆ ನಿಲ್ಲುತ್ತೇನೆ ಅಂತ ನಿಂತ. ಇಬ್ಬರೂ ಕಪ್ಪು ಜನ. ನಾಟಕ ಅಂತ ಹೇಳುವ ಹಕ್ಕು ಇರುವುದಾದ್ರೆ ಅಂಥವರಿಗೆ, ಸೋಫಾದ ಮೇಲೆ ಕಾಲು ಚಾಚಿದ ನಮಗಲ್ಲ.

ಆದರೆ ಸತ್ವ ಹೋಗಿದ್ದರೆ ಜನ ಯಾಕೆ ಕಿರುಚಾಡಿದರು? ಅದು ನನ್ನ ಪ್ರಶ್ನೆ. 2021ರ ಯೂರೋ ಶುರುವಾಗುವ ಮೊದಲು ಇಂಗ್ಲೆಂಡ್ ಆಟಗಾರರು ಮಂಡಿಯೂರಿದಾಗ ಅವರದೇ ಬೆಂಬಲಿಗರು ಬೂ ಅಂದರು. ಅಲ್ಲಿನ ಆಗಿನ ಗೃಹ ಮಂತ್ರಿ ಪ್ರೀತಿ ಪಟೇಲ್ (ಹೆಸರು ನೋಡಿ, ನಮ್ಮ ಗುಜರಾತಿ ಮೂಲ) ಇದು ಬರೀ ತೋರಿಕೆಯ ರಾಜಕೀಯ ಅಂದರು. ಜುಲೈ 11ಕ್ಕೆ ಫೈನಲ್ಲಿನ ಪೆನಾಲ್ಟಿಯಲ್ಲಿ ರ‍್ಯಾಶ್‌ಫರ್ಡ್, ಸ್ಯಾಂಚೊ, ಸಾಕಾ ತಪ್ಪಿಸಿದರು. ಸಾಕಾಗೆ ಆಗ 19 ವರ್ಷ. ಆ ರಾತ್ರಿಯಿಂದಲೇ ಅವರ ಇನ್‌ಸ್ಟಾಗ್ರಾಮಿನಲ್ಲಿ ಮಂಗನ ಚಿತ್ರಗಳು ತುಂಬಿದವು. ಗೆದ್ದರೆ ನಮ್ಮ ಹುಡುಗ, ಸೋತರೆ ಕರಿಯ.

ಇಂಗ್ಲೆಂಡಿನವರನ್ನ ಬೈಯುವುದು ನಮಗೆ ಸುಲಭ, ಅಲ್ವಾ? ಅದೇ ವರ್ಷ ಅಕ್ಟೋಬರ್ 24ಕ್ಕೆ ದುಬೈಯಲ್ಲಿ ಪಾಕಿಸ್ತಾನದ ಮೇಲಿನ ಟಿ20 ವಿಶ್ವಕಪ್ ಮ್ಯಾಚಿಗೆ ಮೊದಲು ನಮ್ಮ ಕ್ರಿಕೆಟ್ ಟೀಮೂ ಮಂಡಿಯೂರಿತು. ಹತ್ತು ವಿಕೆಟ್ಟಿನಿಂದ ಸೋತೆವು. ಸೋತ ರಾತ್ರಿಯೇ ಮೊಹಮ್ಮದ್ ಶಮಿ ಅಕೌಂಟಿಗೆ ಅವನ ಧರ್ಮ ಹಿಡಿದು ಬೈಗುಳದ ಮಳೆ. ಮಂಡಿಯೂರಿದ್ದು ಸಂಜೆ, ಬೈದದ್ದು ರಾತ್ರಿ. ವಾರ ಕಳೆಯುವುದರೊಳಗೆ ಕೊಹ್ಲಿ ಶಮಿ ಪರವಾಗಿ ಖಡಕ್ಕಾಗಿ ಮಾತಾಡಿದ್ದು ನನಗೆ ಆ ಮಂಡಿಗಿಂತ ಹೆಚ್ಚು ನೆನಪಿದೆ.

2024ರ ಮಾರ್ಚಿನಲ್ಲಿ ಕೇರಳದ ಅರೀಕೋಡಿನಲ್ಲಿ ಸೆವೆನ್ಸ್ ಆಡಲು ಬಂದಿದ್ದ ಐವರಿ ಕೋಸ್ಟ್ ಹುಡುಗನನ್ನ ಪ್ರೇಕ್ಷಕರು ಅಟ್ಟಿಸಿಕೊಂಡು ಹೊಡೆದ ವಿಡಿಯೋ ಎಲ್ಲರೂ ನೋಡಿದ್ದೀರಿ. ನೋಡಿದಾಗ ನಾನು "ಛೇ, ಏನು ಜನ" ಅಂದೆ. ಅಂದವನಿಗೆ ನನ್ನ ಬೀಚಿನ ಮ್ಯಾಚು ನೆನಪಾಗಲಿಲ್ಲ.

ಈಗ ಆ ಏಳನೆಯವನ ವಿಷಯ. ಹೆಸರು ಬೇಡ. ಸಿದ್ದಿ ಹುಡುಗ, ಯಲ್ಲಾಪುರದ ಕಡೆಯವನು, ಆಗ ಕಾರವಾರದಲ್ಲಿ ಓದುತ್ತಿದ್ದ. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗುಲಾಮರಾಗಿ ಗೋವಾಕ್ಕೆ ಬಂದು, ಅಲ್ಲಿಂದ ತಪ್ಪಿಸಿಕೊಂಡು ನಮ್ಮ ಕಾಡು ಸೇರಿದವರು ಅಂತ ನಾವೆಲ್ಲ ಶಾಲೆಯಲ್ಲಿ ಹೇಳಿಸಿಕೊಂಡಿದ್ದೇವೆ. ನಾನೂ ಆ ಕಡೆಯವನೇ, ತೋಟದ ಮನೆಯವನು. ಅಡಿಕೆ ಕೊನೆ ಕೊಯ್ಲಿನ ಕಾಲಕ್ಕೆ ಸಿದ್ದಿಯರು ಕೆಲಸಕ್ಕೆ ಬರುತ್ತಿದ್ದರು. ಅವರ ಚಾದ ಸ್ಟೀಲ್ ಲೋಟಗಳು ಬಚ್ಚಲ ಹೊರಗಿನ ಗೋಡೆ ಗೂಡಿನಲ್ಲಿ ಕವುಚಿಟ್ಟಿರುತ್ತಿದ್ದವು. ಕುಡಿದ ಮೇಲೆ ಅವರೇ ತೊಳೆದು ಅಲ್ಲೇ ಕವುಚಬೇಕು. ಒಂದು ಲೋಟದ ಅಂಚು ನಜ್ಜಿ ಹೋಗಿತ್ತು, ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಅಪ್ಪಯ್ಯನಿಗಿಂತ ಇಪ್ಪತ್ತು ವರ್ಷ ದೊಡ್ಡ ಅಜ್ಜ ಅಪ್ಪಯ್ಯನನ್ನ "ಒಡೆಯಾ" ಅನ್ನುತ್ತಿದ್ದ. ಎಂಟು ವರ್ಷದ ನಾನು ಆ ಅಜ್ಜನನ್ನ ಏಕವಚನದಲ್ಲಿ ಕರೆಯುತ್ತಿದ್ದೆ. ಅಲ್ಲಿ ಬಣ್ಣ ಎಲ್ಲಿ ಮುಗಿದು ಜಾತಿ ಎಲ್ಲಿ ಶುರುವಾಗುತ್ತಿತ್ತೋ, ನನಗೆ ಬಿಡಿಸಲು ಬರುವುದಿಲ್ಲ. ಲೋಟ ಮಾತ್ರ ಒಂದೇ ಆಗಿತ್ತು.

ಇನ್ನು ಆಟದ ಕಥೆ. 1980ರ ದಶಕದ ಕೊನೆಗೆ ಕ್ರೀಡಾ ಪ್ರಾಧಿಕಾರದವರು ಸಿದ್ದಿ ಮಕ್ಕಳನ್ನ ಆರಿಸಿ ಓಟಕ್ಕೆ ತರಬೇತಿ ಕೊಟ್ಟರು. ಆಫ್ರಿಕಾ ಮೂಲ, ಓಡಿದರೆ ಒಲಿಂಪಿಕ್ಸ್ ಮೆಡಲು ಬಂದೇ ಬರುತ್ತೆ ಅನ್ನೋ ಲೆಕ್ಕ. ಅದರಿಂದ ಒಳ್ಳೊಳ್ಳೆ ಅಥ್ಲೀಟುಗಳು ಬಂದದ್ದೂ ಹೌದು. 1990ರ ದಶಕದಲ್ಲಿ ಯೋಜನೆ ನಿಂತಿತು, ಮಕ್ಕಳು ಮನೆಗೆ ಬಂದರು. ಉತ್ತರ ಕನ್ನಡದ ಸಿದ್ದಿಯರಿಗೆ ಪರಿಶಿಷ್ಟ ಪಂಗಡ ಅಂತ ಸಿಕ್ಕಿದ್ದು 2003ರಲ್ಲಿ. ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ಹೋದದ್ದು 2020ರಲ್ಲಿ, ಸಿದ್ದಿಯರಲ್ಲಿ ಅವರೇ ಮೊದಲು.

ನಾವು ಮಾಡಿದ್ದೂ ಅದೇ ಲೆಕ್ಕ. ಹುಡುಗನ ಆಟ ನೋಡದೇ ಸೆಂಟರ್ ಫಾರ್ವರ್ಡ್ ಮಾಡಿದೆವು. "ಅಣ್ಣಾ, ನಾನು ಗೋಲ್‌ಕೀಪರು" ಅಂದ. "ಸುಮ್ನೆ ಓಡು ಮಾರಾಯಾ, ನಿನ್ನ ರಕ್ತದಲ್ಲೇ ಇದೆ" ಅಂದೆ. ಬೈದದ್ದಲ್ಲ, ಹೊಗಳಿದ್ದು ಅಂತ್ಲೇ ನಾನು ತಿಳಿದಿದ್ದೆ.

ಮೊದಲ ದಿನದ ಮ್ಯಾಚು. ಅವನ ಕಾಲಿಗೆ ಬಾಲು ಬಂದಾಗಲೆಲ್ಲ ಒಂದು ಕಡೆಯಿಂದ "ಏ ಗೇಲ್", "ಏ ನೈಜೀರಿಯಾ". ಮೈಕು ಹಿಡಿದು ಕಾಮೆಂಟ್ರಿ ಹೇಳುತ್ತಿದ್ದವನು "ಆಫ್ರಿಕಾ ಎಕ್ಸ್‌ಪ್ರೆಸ್ ಹೊರಟಿತು ನೋಡ್ರೀ" ಅಂದ. ಜನ ನಕ್ಕರು. ನಾನೂ ನಕ್ಕೆ. ಆಮೇಲೆ ಹೂ ಹೂ ಅಂತ ಮಂಗನ ಕೂಗು ಶುರುವಾಯಿತು. ಅಪ್ಪನ ಹೆಗಲ ಮೇಲೆ ಕೂತ ಒಂದು ಸಣ್ಣ ಪೋರ, ಒಂದು ಕೈಯಲ್ಲಿ ಐಸ್‌ಕ್ಯಾಂಡಿ, ಅವನೂ ಹೂ ಹೂ. ಅಪ್ಪ ಅವನ ಕಾಲು ಹಿಡಿದುಕೊಂಡು ನಗುತ್ತಾ ನಿಂತಿದ್ದ. ನಮ್ಮ ಹುಡುಗ ಏನೂ ಆಗದವನ ಹಾಗೆ ಓಡಿದ, ಗೋಲೂ ಹೊಡೆದ. ನಾವು ಗೆದ್ದೆವು, ರಾತ್ರಿ ಬಂಗಡೆ ಫ್ರೈ ತಿಂದೆವು (ಹೌದು, ನಾನೂ ತಿಂತೇನೆ, ಆಯಿಗೆ ಹೇಳಬೇಡಿ).

ಮ್ಯಾಚ್ ನಿಲ್ಲಿಸಬೇಕು ಅಂತ ನನಗೆ ಹೊಳೆಯಲೇ ಇಲ್ಲ ಅಂತ ಹೇಳುವುದು ಸುಲಭ. ಹೊಳೆದಿತ್ತು. 2013ರ ಜನವರಿಯಲ್ಲಿ ಇಟಲಿಯಲ್ಲಿ ಕೆವಿನ್ ಪ್ರಿನ್ಸ್ ಬೋಟೆಂಗ್ ಬಾಲನ್ನ ಗ್ಯಾಲರಿಗೆ ಒದ್ದು ಮೈದಾನ ಬಿಟ್ಟು ನಡೆದದ್ದು, ಮಿಲಾನ್ ಟೀಮು ಪೂರ್ತಿ ಅವನ ಹಿಂದೆ ಹೋದದ್ದು ನೋಡಿದ್ದೆ. ನಮ್ಮ ಮ್ಯಾಚಿಗೆ ಒಂದು ತಿಂಗಳ ಹಿಂದಷ್ಟೇ ಪ್ಯಾರಿಸ್‌ನಲ್ಲಿ ಇಂಥದೇ ಕಾರಣಕ್ಕೆ ಎರಡೂ ಟೀಮು ಒಟ್ಟಿಗೆ ಹೊರಗೆ ನಡೆದಿದ್ದವು. ಆದರೆ ಮೂರು ಸಾವಿರ ಎಂಟ್ರಿ ಫೀ ಕಟ್ಟಿದ್ದೆವು, ಹದಿನೈದು ಸಾವಿರ ಬಹುಮಾನ ಇತ್ತು, ಕೂಗಿದವರಲ್ಲಿ ಅರ್ಧ ಜನ ನನ್ನ ಗುರುತಿನವರು. ಮರುದಿನ ಸೆಮಿಫೈನಲ್ಲಿಗೆ ಮೊದಲು ಮಂಡಿಯೂರಿದೆವು. ಮಂಡಿಗೆ ಖರ್ಚಿಲ್ಲ, ಮರಳು ಮೆತ್ತಗಿತ್ತು.

ಅದಕ್ಕೇ ಸೆಮೆನ್ಯೊ ಮ್ಯಾಚು ನಿಂತಾಗ ನನಗೆ ಗ್ರೂಪಿನವನ ಹಾಗೆ ಸಿಟ್ಟು ಬರಲಿಲ್ಲ. ಅದಕ್ಕೂ ಮೊದಲು, 2025ರ ಜುಲೈನಲ್ಲಿ ಇಂಗ್ಲೆಂಡಿನ ಹೆಂಗಸರ ಟೀಮು, ತಮ್ಮ ಆಟಗಾರ್ತಿ ಜೆಸ್ ಕಾರ್ಟರ್‌ಗೆ ಆನ್‌ಲೈನಿನಲ್ಲಿ ಬಣ್ಣ ಹಿಡಿದು ಬೈದ ಮೇಲೆ, ಯೂರೋ ಸೆಮಿಫೈನಲ್ಲಿನಲ್ಲಿ ಮಂಡಿಯೂರದೆ ನಿಂತರು. ಊರಿದ್ದು ಸಾಕು, ಬೇರೆ ದಾರಿ ನೋಡಬೇಕು ಅಂದರು. ನನಗೆ ಅನ್ನಿಸುವುದು ಇಷ್ಟು. ಆಟ ನಿಂತರೆ ಟಿವಿಯವನಿಗೆ ನಷ್ಟ, ಕ್ಲಬ್ಬಿಗೆ ನಷ್ಟ, ನಿದ್ದೆಗೆಟ್ಟ ನಮಗೂ ಕಿರಿಕಿರಿ. ಅಷ್ಟು ಕಿರಿಕಿರಿ ಎಲ್ಲರಿಗೂ ಆಗಲಿ. ಬೈಸಿಕೊಂಡವನೊಬ್ಬನಿಗೇ ಯಾಕೆ?

ಮ್ಯಾಚಿನ ಮರುದಿನ ಬೆಳಿಗ್ಗೆ ಆ ಹುಡುಗನಿಗೆ ಫೋನ್ ಮಾಡಿದೆ. ಈಗ ಹುಬ್ಬಳ್ಳಿಯಲ್ಲಿ ಕೆಲಸ. ಬಸ್ಸಿನಲ್ಲಿ ಹೊಸ ಕಂಡಕ್ಟರುಗಳು ಇಂಗ್ಲಿಷಿನಲ್ಲಿ ಕೇಳ್ತಾರಂತೆ, ಇವನು "ಯಲ್ಲಾಪುರ ಒಂದು ಕೊಡ್ರಿ" ಅಂದರೆ ಟಿಕೆಟ್ ಕೊಡುವುದು ಬಿಟ್ಟು ಮುಖ ನೋಡ್ತಾರಂತೆ. ನಗುತ್ತಲೇ ಹೇಳಿದ. ಸ್ವಲ್ಪ ಹೊತ್ತು ಅದೂ ಇದೂ ಮಾತಾಡಿ, ಆ ಫೋಟೋ ದಿನ ಯಾಕೆ ನಿಂತಿದ್ದೆ ಅಂತ ಕೇಳಿಯೇ ಬಿಟ್ಟೆ. ನಾಲ್ಕು ವರ್ಷದ ಮೇಲೆ.

"ನೀರು ಕುಡೀಲಿಕ್ಕೆ ನಿಂತಿದ್ದೆ ಅಣ್ಣಾ, ಅಷ್ಟೇ" ಅಂದ.

ಫೋಟೋದಲ್ಲಿ ಬಾಟಲಿಯ ಮುಚ್ಚಳ ಹಾಕಿಯೇ ಇದೆ. ನಾನು ಹೇಳಲಿಲ್ಲ. ಕ್ಷಮೆ ಕೇಳಬೇಕು ಅಂತ ಮಾತು ಬಾಯಿಗೆ ಬಂದಿತ್ತು, ಅಷ್ಟರಲ್ಲಿ ಅವನೇ ಕೇಳಿದ, ಟೀಮು ಇನ್ನೂ ಉಂಟಾ ಅಂತ. ಮಳೆ ಮುಗಿದ ಮೇಲೆ ನೋಡಬೇಕು ಅಂದೆ.

"ಮಾಡೋದಾದ್ರೆ ಹೇಳಿ ಅಣ್ಣಾ. ಗೋಲಿಗೆ ನಿಲ್ಸಿದ್ರೆ ಮಾತ್ರ ಬರ್ತೇನೆ."